ಕರಿ ಹಲಗೆಗೆ ಬಣ್ಣ ಹಚ್ಚಲು ಯಾರ ಅಪ್ಪಣೆ ಬೇಕು?

ಮಾರ್ಗಳಿ ತಿಂಗಳಲ್ಲಿ, ಅಂದರೆ ಡಿಸೆಂಬರ್ ನಡುವಿನಿಂದ ಪೊಂಗಲ್‌ವರೆಗೆ, ಕಂಬಂ ಕಡೆ ಹೋದರೆ ಬೆಳಿಗ್ಗೆ ಬೇಗ ಎದ್ದು ಬೀದಿ ನೋಡಿ. ಸಗಣಿ ನೀರು ಹಾಕಿದ ಅಂಗಳ, ಅಂಗಳ ಇಲ್ಲದವರಿಗೆ ಡಾಂಬರು ರಸ್ತೆಯೇ ಅಂಗಳ. ಆ ಕಪ್ಪಿನ ಮೇಲೆ ಬಿಳಿ ಗೆರೆಯ ಕೋಲ. ಪೊಂಗಲ್ ಬಂತೆಂದರೆ ಅದರೊಳಗೆ ಹಳದಿ, ಗುಲಾಬಿ, ಗಿಳಿಹಸಿರು ಪುಡಿ... ಕಣ್ಣು ಕುಕ್ಕುತ್ತದೆ! ಈ ಕಣಿವೆಯಲ್ಲಿ ತಲೆಮಾರುಗಳಿಂದ ನೆಲೆಸಿ ಮನೆಯೊಳಗೆ ಕನ್ನಡವನ್ನೇ ಆಡುವ ಕಪ್ಪಿಲಿಯರ್ ಜನರೂ ಇದ್ದಾರೆ. ಅವರ ಮಕ್ಕಳ ಓದು ಬರಹ ಮಾತ್ರ ತಮಿಳಿನಲ್ಲೋ ಇಂಗ್ಲಿಷಿನಲ್ಲೋ. ಕೋಲಕ್ಕೆ ಇವು ಯಾವುದೂ ಬೇಡ.

ಇಂಥ ಬೀದಿ ದಾಟಿ ಬಂದ ಮಗುವಿಗೆ ಶಾಲೆ ಏನು ಕೊಡುತ್ತದೆ? ಬಿಳಿ ಹಾಳೆ. ಅದರ ಮೇಲೆ ಯಾರೋ ಅಚ್ಚು ಹಾಕಿಟ್ಟ ಮಾವಿನಹಣ್ಣು. ಗೆರೆ ದಾಟದ ಹಾಗೆ ಹಳದಿ ತುಂಬು! ಇದಕ್ಕೆ ಚಿತ್ರಕಲೆ ಅಂತ ಹೆಸರು. ಈಚೆ ಕಾಸರಗೋಡಿನಲ್ಲಿರುವ ನಮ್ಮ ಕನ್ನಡ ಶಾಲೆಗಳಲ್ಲೂ ಕಥೆ ಬೇರೆಯಲ್ಲ. ಕರಿ ಹಲಗೆ ಮಾಸ್ಟ್ರ ಆಸ್ತಿ. ಬಣ್ಣದ ಚಾಕು ಬೀರುವಿನಲ್ಲಿ, ತನಿಖೆಗೆ ಬರುವವರಿಗಾಗಿ.

ನಮಗೆ ಸಿಟ್ಟು ಬರುವುದು ಇಲ್ಲೇ. ಕಪ್ಪಿನ ಮೇಲೆ ಬಣ್ಣ ಹಚ್ಚುವುದು ಬರೀ ಆಟವಲ್ಲ ಸ್ವಾಮಿ, ವಿಜ್ಞಾನದ ಪಾಠ. ಬಿಳಿ ಹಾಳೆಯಲ್ಲಿ ಪೇಲವವಾಗಿ ಕಾಣುವ ಹಳದಿ ಕಪ್ಪಿನ ಮೇಲೆ ಉರಿಯುತ್ತದೆ. ಬಿಳಿಯ ಮೇಲೆ ಮೆರೆದ ಕಡು ನೀಲಿ ಇಲ್ಲಿ ಮುಳುಗಿಹೋಗುತ್ತದೆ. ನೀರುಬಣ್ಣವಂತೂ ಕಾಣಿಸುವುದೇ ಇಲ್ಲ, ಯಾಕೆಂದರೆ ಅದು ಹೊಳೆಯುವುದು ಅಡಿಯ ಬಿಳಿ ಹಾಳೆ ಹಿಂದಕ್ಕೆ ಕಳಿಸುವ ಬೆಳಕಿನಿಂದ. ಕಪ್ಪು ಆ ಬೆಳಕನ್ನು ನುಂಗಿಬಿಡುತ್ತದೆ. ನೀಲಿಗೆ ಒಂದಿಷ್ಟು ಬಿಳಿ ಬೆರೆಸಿದರೆ ಮೇಲೇಳುತ್ತದೆ ಅನ್ನುವುದನ್ನು ಮಗುವಿಗೆ ನಾವು ಹೇಳಬೇಕಿಲ್ಲ, ಎರಡನೇ ದಿನಕ್ಕೆ ಅದೇ ಕಂಡುಹಿಡಿಯುತ್ತದೆ. ಚಾಕನ್ನು ಸಕ್ಕರೆ ನೀರಿನಲ್ಲಿ ಅದ್ದಿ ಬರೆಸಿ ನೋಡಿ. ಬಣ್ಣ ಗಾಢವಾಗುತ್ತದೆ, ಧೂಳೂ ಕಡಿಮೆ. 19ನೇ ಶತಮಾನದ ಆರಂಭದಲ್ಲೇ ಎಡಿನ್‌ಬರೋದ ಜೇಮ್ಸ್ ಪಿಲನ್ಸ್ ಎಂಬ ಮಾಸ್ಟ್ರು ಕರಿ ಹಲಗೆಯ ಮೇಲೆ ಬಣ್ಣದ ಚಾಕಿನಿಂದ ಭೂಗೋಳ ಕಲಿಸಿದ್ದರು. ನಾವು ಇನ್ನೂ ಬಿಳಿ ಚಾಕಿನ ತುಂಡು ಎಣಿಸುತ್ತಿದ್ದೇವೆ.

ಕಪ್ಪು ಅಮಂಗಳ ಅನ್ನುವವರೂ ಇದ್ದಾರೆ. ಹಬ್ಬದ ರಂಗೋಲಿ ಯಾವುದರ ಮೇಲೆ ಬೀಳುತ್ತೆ ತಾಯೀ? ಅಕ್ಷರ ತಿದ್ದಿದ ಸ್ಲೇಟು ಯಾವ ಬಣ್ಣದ್ದಾಗಿತ್ತು?

"ಡ್ರಾಯಿಂಗ್ ಮಾಸ್ಟ್ರು ಬರಲಿ, ಆಮೇಲೆ ನೋಡೋಣ" ಅನ್ನುವುದು ಇನ್ನೊಂದು ನೆಪ. ಬರುವುದು ಯಾವಾಗ? 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೇ ತರಗತಿವರೆಗೆ ಕಲೆ ಕಡ್ಡಾಯವಾಗಲಿ ಅಂದಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ತೆರೆದು ನೋಡಿ. ಕಲೆಗೆ ಅರೆಕಾಲಿಕ ಬೋಧಕರು ಆರರಿಂದ ಎಂಟನೇ ತರಗತಿಗೆ ಮಾತ್ರ, ಅದೂ ಮಕ್ಕಳು ನೂರಕ್ಕಿಂತ ಹೆಚ್ಚಿದ್ದರೆ. ಒಂದನೇ ತರಗತಿಯ ಮಗುವಿಗೆ ಏನೂ ಇಲ್ಲ! ಮಕ್ಕಳು ಕಡಿಮೆಯಾಗುತ್ತಿರುವ ಗಡಿಯ ಕನ್ನಡ ಶಾಲೆಗೆ ನೂರರ ಲೆಕ್ಕ ಅಂದರೆ ಏನರ್ಥ, ನೀವೇ ಹೇಳಿ.

2018ರಲ್ಲಿ ಕೇರಳ ಸರಕಾರ ಎಂಟರಿಂದ ಹನ್ನೆರಡನೇ ತರಗತಿಯವರೆಗಿನ 45,000 ಕೊಠಡಿಗಳನ್ನು ಹೈಟೆಕ್ ಮಾಡಲು ಹೊರಟಿತು. ಪ್ರೊಜೆಕ್ಟರ್ ಬರಲಿ, ನಮಗೇನೂ ಬೇಸರವಿಲ್ಲ. ಆದರೆ ಪರದೆ ಬಂತು ಅಂತ ಹಲಗೆಯನ್ನು ಗುಜರಿಗೆ ಹಾಕಬೇಡಿ. ಪರದೆಯ ಮೇಲಿನ ಬಣ್ಣ ಮಗುವಿನ ಬೆರಳಿಗೆ ಅಂಟುವುದಿಲ್ಲ.

ನಾವು ಕೇಳುತ್ತಿರುವುದು ದೊಡ್ಡದೇನಲ್ಲ. ತರಗತಿಯ ಒಂದು ಗೋಡೆಗೆ ನೆಲದಿಂದ ಮೂರಡಿ ಎತ್ತರದವರೆಗೆ ಕಪ್ಪು ಬಣ್ಣ, ಒಂದು ಪೆಟ್ಟಿಗೆ ಬಣ್ಣದ ಚಾಕು, ವಾರಕ್ಕೆ ಒಂದು ಪೀರಿಯಡ್. ಆ ಹೊತ್ತಿನಲ್ಲಿ ಮಾಸ್ಟ್ರು ಗೋಡೆ ಮುಟ್ಟಬಾರದು, ಮಾದರಿ ಚಿತ್ರವನ್ನೂ ಬರೆಯಬಾರದು. ಪೆಟ್ಟಿಗೆಯ ಬೀಗದ ಕೈ ತರಗತಿಯ ಲೀಡರ್ ಹತ್ತಿರ ಇರಲಿ. ಗೋಡೆ ಹಾಳಾಗುತ್ತೆ ಅನ್ನುವ ಹೆಡ್‌ಮಾಸ್ಟ್ರಿಗೆ ಒಂದು ಒದ್ದೆ ಬಟ್ಟೆಯನ್ನು ನಾವೇ ತಂದುಕೊಡುತ್ತೇವೆ.