ಜೀನ್ ಇದ್ದರೂ ಸುಮ್ಮನಿರುವುದೇಕೆ? ಮೀಥೈಲ್ ಗುರುತುಗಳನ್ನು ಓದುವ ಚಿಪ್‌ನ ಕಥೆ

ನಮ್ಮ ಕಣ್ಣಿನ ಜೀವಕೋಶದಲ್ಲೂ ಯಕೃತ್ತಿನ ಜೀವಕೋಶದಲ್ಲೂ ಇರುವುದು ಒಂದೇ ಡಿಎನ್‌ಎ. ಆದರೂ ಕಣ್ಣು ಪಿತ್ತರಸ ತಯಾರಿಸುವುದಿಲ್ಲ, ಯಕೃತ್ತಿಗೆ ಬೆಳಕು ಕಾಣುವುದಿಲ್ಲ. ಎಲ್ಲಿ ಯಾವ ಜೀನ್ ಕೆಲಸ ಮಾಡಬೇಕು ಎಂದು ನಿರ್ಧರಿಸುವ ಏರ್ಪಾಡುಗಳು ಹಲವು. ಅವುಗಳಲ್ಲೊಂದು ಮೀಥೈಲೀಕರಣ. ಡಿಎನ್‌ಎಯ ‘ಸಿ’ ಅಕ್ಷರಕ್ಕೆ, ಅಂದರೆ ಸೈಟೋಸಿನ್‌ಗೆ, ಪುಟ್ಟದೊಂದು ಮೀಥೈಲ್ ಗುಂಪು ಅಂಟಿಕೊಳ್ಳುತ್ತದೆ. ಅಕ್ಷರ ಬದಲಾಗುವುದಿಲ್ಲ, ಅದರ ಮೇಲೊಂದು ಗುರುತು ಬೀಳುತ್ತದೆ ಅಷ್ಟೇ. ಮನುಷ್ಯರಲ್ಲಿ ಇದು ಹೆಚ್ಚಾಗಿ ‘ಸಿ’ಯ ಪಕ್ಕದಲ್ಲೇ ‘ಜಿ’ ಇರುವ ಕಡೆ ಆಗುತ್ತದೆ. ಅಂತಹ ಜಾಗಗಳು ಸುಮಾರು 2.8 ಕೋಟಿ.

ಈ ಗುರುತನ್ನು ಓದುವುದು ಹೇಗೆ? ಡಿಎನ್‌ಎಯನ್ನು ಬೈಸಲ್ಫೈಟ್ ಎಂಬ ರಾಸಾಯನಿಕದಲ್ಲಿ ನೆನೆಸಿದರೆ ಗುರುತಿಲ್ಲದ ‘ಸಿ’ಗಳು ‘ಯು’ ಆಗುತ್ತವೆ, ಪ್ರತಿ ತೆಗೆದಾಗ ‘ಟಿ’ ಎಂದು ಕಾಣುತ್ತವೆ. ಗುರುತಿರುವ ‘ಸಿ’ಗಳು ಹಾಗೇ ಉಳಿಯುತ್ತವೆ. ಕಣ್ಣಿಗೆ ಬೀಳದ ಗುರುತು ಹೀಗೆ ಅಕ್ಷರದ ವ್ಯತ್ಯಾಸವಾಗಿಬಿಡುತ್ತದೆ! ಆಮೇಲಿನದು ಮೈಕ್ರೋಅರೇ ಚಿಪ್‌ನ ಕೆಲಸ. ಅದರ ಮೇಲೆ ಲಕ್ಷಾಂತರ ಬಗೆಯ ಡಿಎನ್‌ಎ ತುಣುಕುಗಳಿರುತ್ತವೆ. ಮಾದರಿಯ ಎಳೆಗಳು ತಮಗೆ ಜೋಡಿಯಾಗುವ ತುಣುಕನ್ನು ಹಿಡಿದುಕೊಳ್ಳುತ್ತವೆ, ಬಣ್ಣದ ಹೊಳಪನ್ನು ಯಂತ್ರ ಅಳೆಯುತ್ತದೆ. ಇಲ್ಯುಮಿನಾ ಕಂಪನಿಯ 2011ರ ಚಿಪ್ 4.8 ಲಕ್ಷಕ್ಕೂ ಹೆಚ್ಚು ಜಾಗಗಳನ್ನು ನೋಡುತ್ತಿತ್ತು. ದೊಡ್ಡ ಸಂಖ್ಯೆ ಎನಿಸಿದರೂ 2.8 ಕೋಟಿಯಲ್ಲಿ ಅದು ಶೇ. 2ಕ್ಕಿಂತ ಕಡಿಮೆ.

ಪ್ರತಿ ಜಾಗಕ್ಕೂ ಸಿಗುವ ಉತ್ತರ ಸೊನ್ನೆಯಿಂದ ಒಂದರವರೆಗಿನ ಒಂದು ಅಂಕಿ. ಎಡವುವುದು ಇಲ್ಲೇ. 0.5 ಎಂದರೆ ಜೀನ್ ‘ಅರ್ಧ ಆಫ್’ ಎಂದಲ್ಲ, ಪರೀಕ್ಷಿಸಿದ ಡಿಎನ್‌ಎ ಪ್ರತಿಗಳಲ್ಲಿ ಸುಮಾರು ಅರ್ಧದಲ್ಲಿ ಗುರುತಿದೆ ಎಂದು. ರಕ್ತದಲ್ಲಿ ಹಲವು ಬಗೆಯ ಬಿಳಿ ರಕ್ತಕಣಗಳಿವೆ, ಒಂದೊಂದರ ಗುರುತುಗಳೂ ಬೇರೆ. ಸೋಂಕಿನಿಂದ ಅವುಗಳ ಪ್ರಮಾಣ ಏರುಪೇರಾದರೆ ಯಾವ ಕೋಶದಲ್ಲೂ ಏನೂ ಬದಲಾಗದೆ ಅಂಕಿ ಮಾತ್ರ ಬದಲಾಗುತ್ತದೆ. ಇನ್ನೊಂದು ವಿಷಯ: ಜೀನ್‌ನ ಆರಂಭದ ಪ್ರೊಮೋಟರ್ ಭಾಗದಲ್ಲಿ ದಟ್ಟವಾಗಿ ಗುರುತು ಬಿದ್ದರೆ ಜೀನ್ ಸಾಮಾನ್ಯವಾಗಿ ಮೌನ, ಆದರೆ ಜೀನ್‌ನ ಒಡಲಲ್ಲಿ ಬಿದ್ದ ಗುರುತು ಚುರುಕಾಗಿರುವ ಜೀನ್‌ಗಳಲ್ಲೇ ಹೆಚ್ಚಾಗಿ ಕಾಣುತ್ತದೆ. ಆದ್ದರಿಂದ ಮೀಥೈಲ್ ಅಂಕಿಯೊಂದನ್ನೇ ನೋಡಿ ತೀರ್ಪು ಕೊಡಬಾರದು. ಆ ಜೀನ್‌ನ ಆರ್‌ಎನ್‌ಎ ಎಷ್ಟು ತಯಾರಾಗುತ್ತಿದೆ ಎಂದೂ ಅಳೆಯಬೇಕು.

ಇದೆಲ್ಲ ಪ್ರಯೋಗಾಲಯದ ಮಾತು ಎನ್ನಬೇಡಿ. ಗ್ಲಿಯೋಬ್ಲಾಸ್ಟೋಮಾ ಎಂಬ ಮೆದುಳಿನ ಕ್ಯಾನ್ಸರ್‌ಗೆ ಟೆಮೊಜೊಲೊಮೈಡ್ ಎಂಬ ಔಷಧಿ ಕೊಡುತ್ತಾರೆ. ತಮಾಷೆಯೆಂದರೆ ಅದು ಕೊಲ್ಲುವುದೂ ಮೀಥೈಲ್ ಗುಂಪಿನಿಂದಲೇ, ಆದರೆ ಮುಖ್ಯವಾಗಿ ‘ಜಿ’ ಅಕ್ಷರಕ್ಕೆ ಅಂಟಿಸಿ. ಎಂಜಿಎಂಟಿ ಎಂಬ ಜೀನ್‌ನ ಪ್ರೋಟೀನ್ ಆ ಹಾನಿಯನ್ನು ರಿಪೇರಿ ಮಾಡಿ ಗೆಡ್ಡೆಯನ್ನು ಉಳಿಸುತ್ತದೆ. ಆ ಜೀನ್‌ನ ಪ್ರೊಮೋಟರ್‌ನಲ್ಲಿ ಗುರುತು ಬಿದ್ದಿದ್ದರೆ ರಿಪೇರಿಯವನೇ ಇಲ್ಲ, ಔಷಧಿ ನಾಟುತ್ತದೆ. 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಗುರುತಿದ್ದ ರೋಗಿಗಳ ಪೈಕಿ ವಿಕಿರಣದ ಜೊತೆ ಈ ಔಷಧಿಯನ್ನೂ ಪಡೆದವರ ಮಧ್ಯಂಕ ಬದುಕು 21.7 ತಿಂಗಳು, ವಿಕಿರಣದಿಂದ ಚಿಕಿತ್ಸೆ ಶುರುವಾದವರದು 15.3 ತಿಂಗಳು. ಅಲ್ಲಿ ಬಳಸಿದ್ದು ಪಿಸಿಆರ್. ಈಗ ಚಿಪ್‌ನಿಂದಲೂ ಇದನ್ನು ಅಂದಾಜಿಸಬಹುದು. 2018ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನ ತಂಡ ಚಿಪ್‌ನ ಗುರುತುಗಳಿಂದಲೇ ಮೆದುಳಿನ ಗೆಡ್ಡೆಗಳ ಬಗೆ ಪತ್ತೆಹಚ್ಚುವ ವಿಧಾನ ಪ್ರಕಟಿಸಿತು. ಪರೀಕ್ಷಿಸಿದ 1,104 ಪ್ರಕರಣಗಳಲ್ಲಿ ಶೇ. 12ರಷ್ಟರಲ್ಲಿ ಮೊದಲಿನ ರೋಗನಿರ್ಣಯವೇ ಬದಲಾಯಿತು.

ಇದೇ ತಂತ್ರಜ್ಞಾನದ ಹೆಸರಲ್ಲಿ ಮಾರಾಟವಾಗುವ ‘ನಿಮ್ಮ ದೇಹದ ನಿಜವಾದ ವಯಸ್ಸು’ ಕಿಟ್‌ಗಳದ್ದು ಬೇರೆಯೇ ಕಥೆ. 2013ರಲ್ಲಿ ಸ್ಟೀವ್ ಹೊರ್ವಾತ್ 353 ಜಾಗಗಳ ಗುರುತಿನಿಂದ ವಯಸ್ಸು ಅಂದಾಜಿಸುವ ಲೆಕ್ಕ ಕೊಟ್ಟರು. ನಿಜಕ್ಕೂ ಸೊಗಸಾದ ಕೆಲಸ. ಆದರೆ ಅದರ ಮಧ್ಯಂಕ ತಪ್ಪು 3.6 ವರ್ಷ, ಅಂದರೆ ಅರ್ಧದಷ್ಟು ಮಾದರಿಗಳಲ್ಲಿ ತಪ್ಪು ಅದಕ್ಕಿಂತಲೂ ಹೆಚ್ಚು. ‘ನಮ್ಮ ಪುಡಿ ತಿಂದು ಮೂರು ವರ್ಷ ಚಿಕ್ಕವರಾದಿರಿ’ ಎಂದು ಅಂತಹ ಲೆಕ್ಕ ತೋರಿಸಿ ಯಾರಾದರೂ ಹೇಳಿದರೆ, ಅದೇ ರಕ್ತವನ್ನು ಎರಡು ಬಾರಿ ಪರೀಕ್ಷಿಸಿದಾಗ ಎಷ್ಟು ವ್ಯತ್ಯಾಸ ಬಂತು ಎಂದು ಕೇಳಿ.