ಕಾಲುಚೀಲದೊಳಗಿನ ಕಾಮನಬಿಲ್ಲು

ಅದು 1962ನೆಯ ಇಸವಿಯ ಏಪ್ರಿಲ್ 1ನೆಯ ತಾರೀಖು. ಸ್ವೀಡನ್ ದೇಶದಲ್ಲಿ ಆಗ ಇದ್ದುದು ಒಂದೇ ಒಂದು ಟೆಲಿವಿಷನ್ ವಾಹಿನಿ. ಅದರಲ್ಲಿ ಮೂಡುತ್ತಿದ್ದುದು ಬರಿಯ ಕಪ್ಪು-ಬಿಳುಪು ಚಿತ್ರ. ಅಂದು ಆ ವಾಹಿನಿಯ ತಾಂತ್ರಿಕ ತಜ್ಞರಾದ ಶೆಲ್ ಸ್ಟೆನ್ಸನ್ ಎಂಬವರು ಪರದೆಯ ಮೇಲೆ ಕಾಣಿಸಿಕೊಂಡು, ಪರಮ ಗಂಭೀರವಾದ ಮುಖಮುದ್ರೆಯಿಂದ ಒಂದು ಶುಭವಾರ್ತೆಯನ್ನು ಅರುಹಿದರು. ಬಣ್ಣದ ಚಿತ್ರವನ್ನು ನೋಡಲು ಹೊಸ ಪೆಟ್ಟಿಗೆಯನ್ನು ಕೊಳ್ಳಬೇಕಾಗಿಲ್ಲ. ಮನೆಯಲ್ಲಿರುವ ಹಳೆಯ ಪೆಟ್ಟಿಗೆಯೇ ಸಾಕು. ಹೆಂಗಸರು ಧರಿಸುವ ನೈಲಾನ್ ಕಾಲುಚೀಲವೊಂದನ್ನು ಕತ್ತರಿಸಿ ಪರದೆಯ ಮೇಲೆ ಬಿಗಿಯಾಗಿ ಎಳೆದು ಅಂಟಿಸಿದರೆ, ಅದರ ಸೂಕ್ಷ್ಮವಾದ ಜಾಲರಿಯಲ್ಲಿ ಬೆಳಕಿನ ಅಲೆಗಳು ಬಾಗಿ ಬಣ್ಣಗಳು ತೋರುವುವು ಎಂದು ಅವರು ವಿವರಿಸಿದರು. ಬಣ್ಣ ಸರಿಯಾಗಿ ಕೂಡಿಕೊಳ್ಳಬೇಕಾದರೆ ನೋಡುವವರು ತಲೆಯನ್ನು ಹಿಂದಕ್ಕೂ ಮುಂದಕ್ಕೂ ಆಡಿಸುತ್ತಿರಬೇಕೆಂಬುದು ಅವರು ಕೊಟ್ಟ ಕೊನೆಯ ಸೂಚನೆ.

ಮುಂದಿನದನ್ನು ಓದುಗರು ಊಹಿಸಿಕೊಳ್ಳಬಲ್ಲರು. ಸಾವಿರಾರು ಮನೆಗಳಲ್ಲಿ ಗೃಹಸ್ಥರು ಮಡದಿಯ ಕಪಾಟನ್ನು ತಡಕಿ, ಕತ್ತರಿಯನ್ನು ಹುಡುಕಿ, ಕಾಲುಚೀಲದ ಸಂಹಾರವನ್ನು ನೆರವೇರಿಸಿ, ಪೆಟ್ಟಿಗೆಯ ಮುಂದೆ ಕುಳಿತು ತಲೆಯಾಡಿಸಿದರು. ಕಾಮನಬಿಲ್ಲು ಮಾತ್ರ ಮೂಡಲಿಲ್ಲ. ಕೊನೆಗೆ ಕ್ಯಾಲೆಂಡರಿನ ಕಡೆಗೆ ಕಣ್ಣು ಹಾಯಿಸಿದ ಮೇಲೆ ಜ್ಞಾನೋದಯವಾಯಿತು. ಅಲ್ಲಿ ನಿಜವಾದ ಬಣ್ಣದ ಪ್ರಸಾರ ಕ್ರಮವಾಗಿ ಮೊದಲಾದುದು 1970ರಲ್ಲಿ. ಅದೂ ಏಪ್ರಿಲ್ 1ರಂದೇ!

ಎತ್ತು ಈಯಿತು ಎಂದರೆ ಕರುವನ್ನು ಕಟ್ಟು ಎಂದ ಭೂಪನನ್ನು ಕುರಿತು ನಮ್ಮವರು ನಗುತ್ತಲೇ ಬಂದಿದ್ದಾರೆ. ಆದರೆ ಆ ಸ್ವೀಡನ್ನಿನ ಗೃಹಸ್ಥರು ಮೂಢರಾಗಿರಲಿಲ್ಲ. ಅವರು ನಂಬುವುದಕ್ಕೆ ಕಾರಣಗಳಿದ್ದುವು. ಹೇಳಿದವರು ತಜ್ಞರು. ಬೆಳಕು ಜಾಲರಿಯಲ್ಲಿ ಹಾದುಹೋಗುವಾಗ ಬಾಗುವುದೆಂಬುದು ಶಾಸ್ತ್ರಸಮ್ಮತವಾದ ಮಾತು. ಸುಳ್ಳು ಆ ನಿಜದ ಹೆಗಲೇರಿ ಬಂದಿತ್ತು. ಬೇಕಾದ ಸಾಮಗ್ರಿ ಮನೆಯಲ್ಲಿಯೇ ಇತ್ತು. ಎಲ್ಲಕ್ಕೂ ಮಿಗಿಲಾಗಿ, ಬಣ್ಣದ ಚಿತ್ರವನ್ನು ಕಾಣಬೇಕೆಂಬ ಆಸೆ ಮನಸ್ಸಿನಲ್ಲಿತ್ತು; ಹೊಸ ಪೆಟ್ಟಿಗೆಗೆ ಬೇಕಾದ ಹಣ ಜೇಬಿನಲ್ಲಿರಲಿಲ್ಲ. ಆಸೆಗೂ ಜೇಬಿಗೂ ನಡುವೆ ಇರುವ ಈ ಅಂತರದಲ್ಲಿಯೇ ಇಂತಹ ವಿನೋದಗಳೆಲ್ಲ ಬೇರುಬಿಟ್ಟು ಬೆಳೆಯುವುದು.

ಕಂಪ್ಯೂಟರಿನ ಕಾಲ ಬಂದ ಮೇಲೆ ಈ ಬೆಳೆ ಹುಲುಸಾಯಿತು. ಹಳೆಯದಾದ ಕಂಪ್ಯೂಟರು ಕುಂಟತೊಡಗಿದಾಗ ಅದರ ನೆನಪಿನ ಶಕ್ತಿಯನ್ನು, ಎಂದರೆ ರ್‍ಯಾಮ್ ಎಂಬುದನ್ನು, ಹೆಚ್ಚಿಸಬೇಕೆಂದು ತಿಳಿದವರು ಹೇಳುತ್ತಾರೆ. ಅದಕ್ಕೆ ಅಂಗಡಿಗೇಕೆ ಹೋಗಬೇಕು, ಅಂತರ್ಜಾಲದಿಂದಲೇ ಇಳಿಸಿಕೊಳ್ಳಬಾರದೇ ಎಂಬುದು ಬಲು ಪ್ರಸಿದ್ಧವಾದ ಕುಚೋದ್ಯ. ನಾಲ್ಕು ಗಿಗಾಬೈಟ್ ಬೇಕೋ ಎಂಟು ಬೇಕೋ ಎಂದು ಕೇಳಿ, ಒಂದು ಗುಂಡಿಯನ್ನು ಒತ್ತಿಸಿಕೊಂಡು ಸುಮ್ಮನಾಗುವ ಅಣಕದ ತಾಣವೂ ಹುಟ್ಟಿಕೊಂಡಿತು. ರ್‍ಯಾಮ್ ಎಂಬುದು ಕೈಯಲ್ಲಿ ಹಿಡಿಯಬಹುದಾದ ವಸ್ತು. ತೆಳುವಾದ ಹಲಗೆಯೊಂದರ ಮೇಲೆ ಬೆಸೆದ ಚಿಪ್ಪುಗಳ ಸಾಲು. ಹುಳಿಯನ್ನು ಮಾಡುವ ಕ್ರಮ ಅಂಚೆಯ ಕಾರ್ಡಿನಲ್ಲಿ ಬರಬಹುದು, ಹುಳಿಯನ್ನು ಕುದಿಸುವ ಪಾತ್ರೆ ಕಾರ್ಡಿನಲ್ಲಿ ಬಂದೀತೇ? ತಂತಿಯ ಮೂಲಕ ಬರುವುದು ಕ್ರಮವಷ್ಟೇ. ಪಾತ್ರೆಗೆ ಬೆಂಗಳೂರಿನ ಎಸ್. ಪಿ. ರಸ್ತೆಯಂತಹ ಪೇಟೆಗೇ ಹೋಗಬೇಕು.

ಇದು ಬರಿಯ ತಮಾಷೆಯಲ್ಲವೇ, ಯಾರು ನಂಬಿಯಾರು ಎನ್ನುವವರು 1995ರ ಒಂದು ಸಂಗತಿಯನ್ನು ಕೇಳಬೇಕು. ಆ ವರ್ಷ ವಿಂಡೋಸ್ 95 ಹೊರಬಂದಿತು. ಅದಕ್ಕೆ ಹೆಚ್ಚಿನ ರ್‍ಯಾಮ್ ಬೇಕಾಗಿತ್ತು. ರ್‍ಯಾಮಿನ ಬೆಲೆಯೋ ಗಗನಕ್ಕೇರಿತ್ತು. ಆಗ ಅಮೆರಿಕದ ಸಿಂಕ್ರೊನಿಸ್ ಎಂಬ ಸಂಸ್ಥೆ ‘ಸಾಫ್ಟ್‌ರ್‍ಯಾಮ್’ ಎಂಬ ತಂತ್ರಾಂಶವನ್ನು ಪೇಟೆಗೆ ಬಿಟ್ಟು, ಇದನ್ನು ಹಾಕಿಕೊಂಡರೆ ಇರುವ ರ್‍ಯಾಮ್ ಇಮ್ಮಡಿಯಾಗುವುದೆಂದು ಸಾರಿತು. ಲಕ್ಷಗಟ್ಟಲೆ ಜನ ಹಣ ತೆತ್ತು ಕೊಂಡರು. ಬಲ್ಲವರು ಬಿಚ್ಚಿ ನೋಡಿದಾಗ, ವಿಂಡೋಸ್ 95ರಲ್ಲಿ ಅದು ರ್‍ಯಾಮನ್ನು ಹೆಚ್ಚಿಸುವಂತಹ ಯಾವ ಕೆಲಸವನ್ನೂ ಮಾಡುತ್ತಿರಲಿಲ್ಲವೆಂಬುದು ಬಯಲಾಯಿತು. ಅಮೆರಿಕದ ಫೆಡರಲ್ ವಾಣಿಜ್ಯ ಆಯೋಗ ಸುಳ್ಳು ಪ್ರಚಾರದ ಆರೋಪವನ್ನು ಹೊರಿಸಿ, 1996ರಲ್ಲಿ ಆ ಸಂಸ್ಥೆಯನ್ನು ಒಪ್ಪಂದಕ್ಕೆ ತಂದಿತು. ಕುಚೋದ್ಯಗಾರ ನಗುವುದಕ್ಕಾಗಿ ಹೇಳಿದ ಸುಳ್ಳನ್ನೇ ವ್ಯಾಪಾರಿ ಬೆಲೆ ಕಟ್ಟಿ ಮಾರಿದಂತಾಯಿತು!

ಮೊಬೈಲ್ ಫೋನು ಬಂದ ಮೇಲೆ ಉಪದೇಶಕರ ಕೈ ಇನ್ನೂ ಉದ್ದವಾಯಿತು. 2013ರಲ್ಲಿ ಐಫೋನಿನ ಹೊಸ ತಂತ್ರಾಂಶವನ್ನು ಹಾಕಿಕೊಂಡರೆ ಫೋನು ನೀರಿನಲ್ಲಿ ಬಿದ್ದರೂ ಕೆಡದೆಂಬ ಹುಸಿ ಜಾಹೀರಾತು ಹರಡಿತು. ತಂತ್ರಾಂಶಕ್ಕೆ ಛತ್ರಿ ಹಿಡಿಯಲು ಬರುವುದೇ ಎಂದು ಕೇಳುವ ವ್ಯವಧಾನ ಯಾರಿಗಿದೆ? ಮರುವರ್ಷ ಅಡಿಗೆಮನೆಯ ಮೈಕ್ರೋವೇವ್ ಒಲೆಯಲ್ಲಿಟ್ಟರೆ ಫೋನಿಗೆ ತಾನಾಗಿ ವಿದ್ಯುತ್ತು ತುಂಬುವುದೆಂಬ ಮತ್ತೊಂದು ಜಾಹೀರಾತು ಬಂದಿತು. ಲೋಹದ ವಸ್ತುವನ್ನು ಆ ಒಲೆಯಲ್ಲಿಟ್ಟರೆ ಕಿಡಿ ಹಾರುತ್ತದೆ. ಒಳಗಿರುವ ಲಿಥಿಯಂ ಬ್ಯಾಟರಿಗೆ ಬೆಂಕಿ ತಗಲುತ್ತದೆ. ಇದನ್ನು ಯಾರೂ ನಂಬಬೇಡಿರೆಂದು ಲಾಸ್ ಏಂಜಲೀಸ್ ನಗರದ ಪೋಲೀಸರು ಎಚ್ಚರಿಕೆ ಕೊಡಬೇಕಾಯಿತು. 2016ರಲ್ಲಿ ಐಫೋನ್ 7 ತನ್ನ ಹಿಂದಿನವುಗಳಲ್ಲಿದ್ದ ಹೆಡ್‌ಫೋನಿನ ರಂಧ್ರವನ್ನು ಕಳೆದುಕೊಂಡು ಬಂದಾಗ, ಡ್ರಿಲ್ಲಿನಿಂದ ಅದೇ ಅಳತೆಯ ರಂಧ್ರವನ್ನು ಕೊರೆದುಕೊಳ್ಳುವ ವಿಧಾನವನ್ನು ತೋರಿಸುವ ಚಿತ್ರವೊಂದು ಹೊರಬಿದ್ದು, ಹತ್ತಾರು ಲಕ್ಷ ಜನರು ಅದನ್ನು ನೋಡಿದರು.

ಇವೆಲ್ಲಕ್ಕಿಂತ ಮನಸ್ಸನ್ನು ಕಲಕುವುದು 2013ರ ಡಿಸೆಂಬರಿನ ಪ್ರಸಂಗ. ಎಕ್ಸ್‌ಬಾಕ್ಸ್ ಒನ್ ಎಂಬ ಆಟದ ಯಂತ್ರ ಅದರ ಹಿಂದಿನ ತಿಂಗಳಷ್ಟೇ 499 ಡಾಲರುಗಳ ಬೆಲೆಗೆ ಅಮೆರಿಕದ ಪೇಟೆಗೆ ಬಂದಿತ್ತು. ಹಳೆಯ ಎಕ್ಸ್‌ಬಾಕ್ಸ್ 360ರ ಆಟಗಳು ಅದರಲ್ಲಿ ನಡೆಯುತ್ತಿರಲಿಲ್ಲ. ಎರಡು ಯಂತ್ರಗಳ ಪ್ರೊಸೆಸರುಗಳ ಜಾತಿಯೇ ಬೇರೆ. ವರ್ಷಗಟ್ಟಲೆ ಕೂಡಿಟ್ಟ ಆಟಗಳನ್ನು ಅಟ್ಟಕ್ಕೆ ಹಾಕಬೇಕಾಯಿತಲ್ಲ ಎಂದು ಆಟಗಾರರು ಮರುಗುತ್ತಿದ್ದಾಗ, ಹಳೆಯ ಆಟಗಳನ್ನು ನಡೆಸುವ ಗುಟ್ಟು ಇಲ್ಲಿದೆ ಎಂದು ಹಂತಹಂತವಾಗಿ ತಿಳಿಸುವ ಚಿತ್ರವೊಂದು ಕೈಯಿಂದ ಕೈಗೆ ಹರಿದಾಡಿತು. ಅದು ಹೇಳಿದಂತೆ ಮಾಡಿದರೆ, ತಂತ್ರಾಂಶ ರಚಿಸುವವರಿಗಾಗಿಯೇ ಇದ್ದ ಒಂದು ಗುಪ್ತ ಪಟ್ಟಿ ನಿಜವಾಗಿಯೂ ತೆರೆಯುತ್ತಿತ್ತು! ನಂಬಿಕೆ ಗಟ್ಟಿಯಾಗಲು ಇನ್ನೇನು ಬೇಕು? ಅಲ್ಲಿಂದ ಮುಂದಿನ ಹೆಜ್ಜೆಯನ್ನಿಟ್ಟವರ ಯಂತ್ರ ಕೊನೆಯಿಲ್ಲದೆ ಮತ್ತೆ ಮತ್ತೆ ಹೊಸದಾಗಿ ಹೊರಡಲು ಹವಣಿಸಿ, ಎಲ್ಲಿಗೂ ತಲುಪದೆ ನಿಷ್ಪ್ರಯೋಜಕವಾಯಿತು. ಅಂತಹ ಉಪಾಯವೇ ಇಲ್ಲ, ಪ್ರಯತ್ನಿಸಿದರೆ ಯಂತ್ರ ಕೆಡಬಹುದು ಎಂದು ಮೈಕ್ರೋಸಾಫ್ಟಿನ ಅಧಿಕಾರಿಯೊಬ್ಬರು ಬಹಿರಂಗವಾಗಿ ಸಾರಿದರು. ವಿಧಿಯ ವಿನೋದವೆಂದರೆ, ಎರಡು ವರ್ಷಗಳಲ್ಲಿ, 2015ರ ನವೆಂಬರಿನಲ್ಲಿ, ಅದೇ ಯಂತ್ರದಲ್ಲಿ ಆಯ್ದ ಹಳೆಯ ಆಟಗಳನ್ನು ನಡೆಸುವ ನಿಜವಾದ ಉಪಾಯವನ್ನು ಮೈಕ್ರೋಸಾಫ್ಟೇ ಒದಗಿಸಿತು. ತಾಳ್ಮೆಯಿಂದ ಕಾದವನಿಗೆ ಅದು ದೊರೆಯಿತು. ಆತುರಪಟ್ಟವನು ಹಳೆಯ ಆಟವನ್ನಷ್ಟೇ ಅಲ್ಲದೆ ಹೊಸ ಯಂತ್ರವನ್ನೂ ಕೈಬಿಟ್ಟು ಕುಳಿತಿದ್ದ.

ಕಾಲುಚೀಲದ ವಿನೋದಕ್ಕೂ ಇದಕ್ಕೂ ಇರುವ ವ್ಯತ್ಯಾಸವನ್ನು ಇಲ್ಲಿ ಗಮನಿಸಬೇಕು. ಅಲ್ಲಿ ಹೋದುದು ಒಂದು ಕಾಲುಚೀಲ. ಮನೆಮಂದಿಯೆಲ್ಲ ಒಟ್ಟಿಗೆ ನಗಲು ಅದೊಂದು ನೆಪವೂ ಆಯಿತು. ಇಲ್ಲಿ ಹೋದುದು ತಂದೆಯ ಎಷ್ಟೋ ದಿನಗಳ ದುಡಿಮೆ. ನಕ್ಕವನು ಎಲ್ಲೋ ಮರೆಯಲ್ಲಿದ್ದ; ಅತ್ತವನು ಮನೆಯಲ್ಲಿ ಒಬ್ಬನೇ ಕುಳಿತಿದ್ದ. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆ ಹುಟ್ಟಿದ್ದು ಇಂತಹ ಆಟಕ್ಕಾಗಿಯೇ ಇರಬೇಕು. ಸಿಕ್ಕಿಬಿದ್ದವನು ದಡ್ಡನೆಂದು ಲೋಕ ಹೇಳುತ್ತದೆ. ಆದರೆ ಅವನು ಮಾಡಿದ ತಪ್ಪು, ತಿಳಿಯದುದನ್ನು ತಿಳಿದವನಂತೆ ತೋರಿದವನನ್ನು ಕೇಳಿದ್ದು. ವಿದ್ಯೆಯನ್ನು ಕಲಿಯುವವನು ಮೊದಲ ದಿನ ಮಾಡಬೇಕಾದುದೂ ಅದನ್ನೇ ಅಲ್ಲವೇ? ಅವನನ್ನು ಹಾಗೆ ಬೀಳಿಸಿದರೆ, ನಾಳೆ ಅವನು ನಿಜವಾದ ಗುರುವನ್ನೂ ನಂಬಲಾರನು. ಯಂತ್ರವನ್ನು ದುರಸ್ತಿ ಮಾಡಬಹುದು. ಈ ನಂಬಿಕೆಯನ್ನು ಮಾಡುವ ಕಾರ್ಖಾನೆ ಯಾವ ಊರಿನಲ್ಲಿಯೂ ಇಲ್ಲ.

ಹಾಗೆಂದು ಕಂಪ್ಯೂಟರಿನವರಿಗೆ ನಿರುಪದ್ರವವಾಗಿ ನಗಲು ಬಾರದೆಂದಲ್ಲ. 1990ರ ಏಪ್ರಿಲ್ 1ರಂದು ಡೇವಿಡ್ ವೈಟ್ಸ್‌ಮನ್ ಎಂಬವರು, ಅಂತರ್ಜಾಲದ ಸಂದೇಶಗಳನ್ನು ಪಾರಿವಾಳದ ಕಾಲಿಗೆ ಕಟ್ಟಿ ಕಳುಹಿಸುವ ಶಾಸ್ತ್ರೋಕ್ತವಾದ ವಿಧಿಯೊಂದನ್ನು ಪ್ರಕಟಿಸಿದರು. ಅದರ ಭಾಷೆ, ಕ್ರಮಸಂಖ್ಯೆ, ಗಾಂಭೀರ್ಯ ಎಲ್ಲವೂ ನಿಜವಾದ ಅಂತರ್ಜಾಲದ ನಿಯಮಗಳಂತೆಯೇ ಇದ್ದುವು. 2001ರಲ್ಲಿ ನಾರ್ವೆಯ ಬರ್ಗನ್ ನಗರದ ಉತ್ಸಾಹಿಗಳು ಅದನ್ನು ನಿಜವಾಗಿಯೇ ಪರೀಕ್ಷಿಸಿ, ಪಾರಿವಾಳಗಳ ಮೂಲಕ 9 ಸಂದೇಶಗಳನ್ನು ಕಳುಹಿಸಿ 4ಕ್ಕೆ ಉತ್ತರ ಪಡೆದರು. ಹೆಚ್ಚಿನ ಉತ್ತರಗಳಿಗೆ ಗಂಟೆಗೆ ಮೀರಿ ಕಾಯಬೇಕಾಯಿತಂತೆ! ಇಲ್ಲಿ ಯಾರ ಯಂತ್ರವೂ ಕೆಡಲಿಲ್ಲ, ಯಾರ ಮಗುವೂ ಅಳಲಿಲ್ಲ. ತಜ್ಞರು ನಕ್ಕಿದ್ದು ತಮ್ಮ ಗಾಂಭೀರ್ಯವನ್ನು ಕಂಡು. ಉತ್ತಮವಾದ ಹಾಸ್ಯದ ಲಕ್ಷಣವೇ ಅದು.

ಉಳಿದ ಸಮಯದಲ್ಲಿ, ಮನೆಯ ಹುಡುಗ ಹೊಸ ಉಪಾಯವೊಂದನ್ನು ಹಿಡಿದು ಡ್ರಿಲ್ಲನ್ನೋ ಕತ್ತರಿಯನ್ನೋ ಹುಡುಕುತ್ತ ಬಂದರೆ, ಹಿರಿಯರು ಗದರಿಸುವುದು ಬೇಡ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಮಾತನ್ನು ನೆನಪಿಸಿ, ಅವನ ಪಕ್ಕದಲ್ಲಿ ಕುಳಿತು, ಇದು ಹೇಗೆ ಕೆಲಸ ಮಾಡೀತು ಎಂದು ಒಂದೇ ಒಂದು ಪ್ರಶ್ನೆಯನ್ನು ಕೇಳಿದರೆ ಸಾಕು. ಅದಕ್ಕೂ ಮೊದಲು, ಯಾವುದಕ್ಕೂ ಇರಲಿ, ಕ್ಯಾಲೆಂಡರನ್ನೊಮ್ಮೆ ನೋಡಿಕೊಳ್ಳುವುದು ಲೇಸು.