ಬೇಡದ ಕಾಗದದ ರಾಶಿಯೊಳಗ ಬೇಕಾದ ಚೀಟಿ ಕಳೀತು

(1/3)
ಫೋಟೋದಾಗ ಕಾಣೋ ರಾಶಿ ಐರಣಿಯ ನಮ್ಮ ಮನಿ ಪಡಸಾಲಿದು. ಒಂದು ವಾರದಾಗ ಬಂದದ್ದು, ಕೂತು ಎಣಿಸಿದೆ: ಹದಿನೇಳು ಕಾಗದ. ಪೇಪರ್ ಬಿಚ್ಚಿದ್ರ ಜಾರಿ ಬೀಳೋ ಕೋಚಿಂಗ್ ಕ್ಲಾಸಿನವು, ಬಟ್ಟೆ ಅಂಗಡಿ ಆಫರಿನವು, ಬೀಜ-ಗೊಬ್ಬರದ ಬಣ್ಣಬಣ್ಣದವು, ರಾಣೆಬೆನ್ನೂರು ಬಸ್ ಸ್ಟ್ಯಾಂಡಿನ್ಯಾಗ ಕೈಗೆ ತುರುಕಿದವು. ನಾವು ಕೇಳಿ ತರಿಸಿಕೊಂಡದ್ದು ಒಂದೂ ಇಲ್ಲ.

"ಒಂದು ಚೀಟಿಗೆ ಇಷ್ಟ್ಯಾಕ ತಲಿ ಕೆಡಿಸ್ಕೋತಿ?" ಅಂತ ಕ್ಲಾಸಿನ್ಯಾಗ ನಕ್ಕವರಿಗೆ ಇದು ಉತ್ತರ.

ಹೋದ ಮುಂಗಾರಿನ್ಯಾಗ ನಮ್ಮ ಕಾಕಾ ಬಿತ್ತಿದ ಗೋವಿನಜೋಳ ಅರ್ಧ ಹೊಲದಾಗ ಹುಟ್ಟಲೇ ಇಲ್ಲ. ದೂರು ಕೊಡಬೇಕಂದ್ರ ಅಂಗಡಿ ಬಿಲ್ ಬೇಕು, ಲಾಟ್ ನಂಬರ್ ಇರೋ ಚೀಲದ ಚೀಟಿ ಬೇಕು. ಎರಡೂ ಗೋಡೆ ಮೊಳೆಗೆ ತೂಗುಹಾಕಿದ ಕೈಚೀಲದಾಗ ಇದ್ದವು. ಆದರ ಅದೇ ಚೀಲದಾಗ ವರ್ಷದ ಕರಪತ್ರಗಳೂ ತುಂಬಿದ್ದವು. ಅವ್ವ ಹಬ್ಬಕ್ಕ ಮನಿ ಸ್ವಚ್ಛ ಮಾಡುವಾಗ ಇಡೀ ಚೀಲ ಗುಜರಿಗೆ ಹೋಯ್ತು. ಅವ್ವಂದು ತಪ್ಪಲ್ಲ. ಹತ್ತರಲ್ಲಿ ಒಂಬತ್ತು ಕಸ ಇದ್ರ ಹತ್ತನೇದೂ ಕಸದಂಗೇ ಕಾಣ್ತದ.

ಬೀಜ ಕೊಂಡ ರೈತನೂ ಗ್ರಾಹಕನೇ, ಬೀಜ ಕೈಕೊಟ್ಟರೆ ಗ್ರಾಹಕರ ವೇದಿಕೆಗೆ ಹೋಗಬಹುದು ಅಂತ 2012ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಹಕ್ಕು ಐತಿ. ಅದನ್ನ ಸಾಧಿಸೋ ಕಾಗದ ಮಾತ್ರ ನಮ್ಮ ಕೈಯಾಗ ಇರಲಿಲ್ಲ.

(2/3)
ಕಾಗದ ಗಿಡದ ಮ್ಯಾಲೆ ಬೆಳೆಯೋದಿಲ್ಲ, ಗಿಡಾನೇ ಕಾಗದ ಆಗ್ತದ. ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆ ಶುರುವಾದದ್ದು 1936ರಲ್ಲಿ. ಅದಕ್ಕ ಬೇಕಾದ ಅಕೇಶಿಯಾ, ನೀಲಗಿರಿ ಬೆಳೆಯಾಕ ಮಲೆನಾಡಿನ ಅರಣ್ಯ ಭೂಮಿಯನ್ನು 40 ವರ್ಷ ಲೀಸಿಗೆ ಕೊಟ್ಟಿದ್ರು. ಲೀಸು 2020ರಲ್ಲಿ ಮುಗೀತು. ಮತ್ತೆ ಮುಂದುವರಿಸಲು ಹೊರಟಾಗ "ನಮ್ಮೂರಿಗೆ ಅಕೇಶಿಯಾ ಬೇಡ" ಅಂತ ಅಲ್ಲಿನ ಜನ ಎದ್ದು ನಿಂತ್ರು. ಆ ಕಾರ್ಖಾನೆ ಪಕ್ಕ ಹರಿಯೋ ಭದ್ರೆನೇ ಕೂಡ್ಲಿಯಲ್ಲಿ ತುಂಗೆ ಸೇರಿ, ನಮ್ಮೂರ ದಂಡಿಗೆ ತುಂಗಭದ್ರೆಯಾಗಿ ಬರೋದು.

ಅಷ್ಟು ದೂರ ಯಾಕ? ನಮ್ಮ ಜಿಲ್ಲೆಯ ಹಾನಗಲ್ ತಾಲ್ಲೂಕಿನ ಕುಸನೂರಿನ್ಯಾಗ 1987ರ ನವೆಂಬರ್ 14ರಂದು "ಕಿತ್ತಿಕೋ-ಹಚ್ಚಿಕೋ" ಸತ್ಯಾಗ್ರಹ ನಡೀತು. ಊರಿನ ಸಾಮೂಹಿಕ ಭೂಮಿಯಲ್ಲಿ ಪಲ್ಪಿಗಂತ ನೆಟ್ಟ ನೀಲಗಿರಿ ಸಸಿ ಕಿತ್ತು, ಜನರಿಗೆ, ದನಕ್ಕ ಬೇಕಾದ ಗಿಡ ಹಚ್ಚಿದ್ರು. ಆ ಪಲ್ಪ್ ಹೋಗೋದು ರೇಯಾನ್ ನೂಲಿಗೆ, ಕಾಗದಕ್ಕಲ್ಲ. ಆದರ ಪ್ರಶ್ನೆ ಒಂದೇ: ಭೂಮಿ ಯಾರಿಗಾಗಿ, ಯಾತಕ್ಕಾಗಿ? ಪಠ್ಯಪುಸ್ತಕಕ್ಕ ಒಂದು ಮರ ಬಿದ್ರ ಒಪ್ಪೋಣ. ಯಾರೂ ಓದದ ಆಫರ್ ಚೀಟಿಗೆ?

ಇನ್ನ ಅದರ ಕೊನೆ ನೋಡ್ರಿ. ಕೆಲವು ಒಲಿಗೆ, ಕೆಲವು ಗಟಾರಕ್ಕ. ಕೆಲವು ಮಿರ್ಚಿ-ಮಂಡಕ್ಕಿ ಕಟ್ಟಾಕ. ಮುದ್ರಣದ ಶಾಯಿ ಆಹಾರಕ್ಕ ಇಳೀತದ, ಪೇಪರಿನ್ಯಾಗ ತಿಂಡಿ ಕಟ್ಟಬ್ಯಾಡ್ರಿ ಅಂತ ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲೂ 2023ರಲ್ಲೂ ಎಚ್ಚರಿಸಿದೆ. ಎಣ್ಣಿ ಹತ್ತಿದ ಕಾಗದ ಮರುಬಳಕೆಗೂ ಬರೋದಿಲ್ಲ.

(3/3)
"ಪ್ರಿಂಟಿಂಗ್ ಪ್ರೆಸ್ಸಿನವರ ಹೊಟ್ಟೆಪಾಡು ಏನು? ಚೀಟಿ ಹಂಚೋ ಹುಡುಗರು?" ಅಂತ ಕೇಳ್ತೀರಿ. ನ್ಯಾಯವಾದ ಪ್ರಶ್ನೆ. ನಾನು ಮುದ್ರಣದ ವೈರಿ ಅಲ್ಲ. ಜಾತ್ರೆ ಕರಪತ್ರ, ಲಸಿಕೆ ಶಿಬಿರದ ಚೀಟಿ, ಕೃಷಿ ಇಲಾಖೆ ಮಾಹಿತಿ ನಮ್ಮ ಅಜ್ಜನಂಥ ಮೊಬೈಲ್ ಇಲ್ಲದವರಿಗೆ ಬೇಕೇ ಬೇಕು. ನನ್ನ ಜಗಳ ಇರೋದು ಕೇಳದೇ ಬರೋದರ ಜೊತಿಗೆ.

ಬೇಡದ ಫೋನ್ ಕರೆ ತಡಿಯಾಕ 1909 ಐತಿ. ಬೇಡದ ಕಾಗದ ತಡಿಯಾಕ ಅಂಥ ನಂಬರ್ ನಮ್ಮಲ್ಲಿಲ್ಲ. ತಿರುಗಾಮುರುಗಾ, ವಿಳಾಸನೇ ಇಲ್ಲದ ಜಾಹೀರಾತನ್ನು ಮನಿಮನಿಗೆ ಮುಟ್ಟಿಸಾಕ ಅಂಚೆ ಇಲಾಖೆಯಲ್ಲೇ "ಡೈರೆಕ್ಟ್ ಪೋಸ್ಟ್" ಅಂತ ಸೇವೆ ಐತಿ. ಆಮ್‌ಸ್ಟರ್‌ಡ್ಯಾಮ್ ನಗರ 2018ರಿಂದ ನಿಯಮಾನೇ ತಿರುವಿ ಹಾಕಿತು: ಬಾಗಿಲಿಗೆ "ಬೇಕು" ಅಂತ ಸ್ಟಿಕ್ಕರ್ ಅಂಟಿಸಿದವರಿಗೆ ಮಾತ್ರ ಜಾಹೀರಾತು ಕಾಗದ. ಸುಮ್ಮನಿದ್ರ "ಬೇಡ" ಅಂತಾನೇ ಅರ್ಥ. ನಮಗೂ ಬೇಕಾದ್ದು ಇದೇ ನಿಯಮ.

ಅದು ಬರೋತನಕ ನಾವು ಮಾಡೋದು:

👉 ಪೇಪರ್ ಹಾಕೋ ಅಣ್ಣನಿಗೆ "ಒಳಗಿನ ಚೀಟಿ ಬ್ಯಾಡ" ಅಂತ ಒಮ್ಮೆ ನಯವಾಗಿ ಹೇಳ್ರಿ.
👉 ಬಾಗಿಲಿಗೆ ಬರೀರಿ: "ಜಾಹೀರಾತು ಬೇಡ. ಪತ್ರ, ಬಿಲ್, ನೋಟಿಸ್ ಬರಲಿ."
👉 ಬ್ಯಾಂಕ್, ವಿಮೆ, ಷೇರು ಕಂಪನಿ ಕಾಗದಗಳನ್ನ ಇಮೇಲಿಗೆ ಬದಲಾಯಿಸ್ರಿ. ಮನೆಯವರಿಗೆ ನೀವೇ ಮಾಡಿಕೊಡ್ರಿ.
👉 ಗೋಡೆಗೆ ಎರಡು ಮೊಳೆ. ಒಂದು ಬಿಲ್ಲಿಗೆ, ಒಂದು ರದ್ದಿಗೆ. ಬೀಜದ ಬಿಲ್, ಚೀಟಿ ಬಂದ ದಿನವೇ ಫೋಟೋ ತಗೀರಿ.
👉 ಒಂದು ಬದಿ ಖಾಲಿ ಇದ್ರ ಗಣಿತದ ರಫ್ ವರ್ಕಿಗೆ.

ಕೊನೇದು ನಮಗೇ. ಹೋದ ವರ್ಷ ಕಾಲೇಜು ಕಾರ್ಯಕ್ರಮಕ್ಕ ನಾವೇ ಚೀಟಿ ಮುದ್ರಿಸಿ ಹಂಚಿದ್ವಿ. ಸಂಜಿಗೆ ಗೇಟಿನ ಮುಂದ ಅವನ್ನೇ ತುಳಿದುಕೊಂಡು ಮನಿಗೆ ಬಂದ್ವಿ. ನಾನೂ ಹಂಚಿದವನೇ. ಈ ಸಲ ನೋಟಿಸ್ ಬೋರ್ಡಿಗೆ ಒಂದು, ಸ್ಟೇಟಸ್ಸಿಗೆ ಒಂದು, ಸಾಕು.

ಕಾಕಾ ಈ ವರ್ಷ ಮತ್ತೆ ಬಿತ್ಯಾನ. ಬಿಲ್ ಈಗ ಬ್ಯಾರೆ ಮೊಳೆಗೆ ತೂಗಾಡ್ತದ.

ನಿಮ್ಮ ಮನಿಗೆ ಒಂದು ವಾರದಾಗ ಎಷ್ಟು ಬರ್ತಾವ? ಎಣಿಸಿ ಕಮೆಂಟಿನ್ಯಾಗ ಹಾಕ್ರಿ. 🌿

#ಐರಣಿ #ರಾಣೆಬೆನ್ನೂರು #ಹಾವೇರಿ #ಬೇಡದಕಾಗದಬೇಡ